ಉದಾ:

ಎಂಟನೇ ತರಗತಿ, ಸಮಾಜ ಅಧ್ಯಯನ,
ಮಾನದಂಡ ಇಪ್ಪತ್ತೊಂದು, ಉಪಖಂಡ ಮೂರು.
ಇದನ್ನು ಪೂರ್ತಿ ಓದಿದವರು ರಾಜ್ಯದಲ್ಲಿ ಹತ್ತು ಮಂದಿ ಇದ್ದಾರು.
ಅದರಲ್ಲಿ ನಾನೊಬ್ಬಳು. ಓದುವುದಕ್ಕೇ ಸಂಬಳ.
ಚಾರ್ಲ್‌ಸ್ಟನ್ನಿನ ಸರಕಾರಿ ಕಟ್ಟಡ, ಆರನೇ ಮಹಡಿ.
ಅಲ್ಪವಿರಾಮ ತಪ್ಪಿದ್ದರೆ ತಿದ್ದುತ್ತೇನೆ.
ಅರ್ಥ ತಪ್ಪಿದ್ದರೆ ಅದು ಬೇರೆ ಮೇಜು.

ಕೆಲಸಕ್ಕೆ ಸೇರಿದ ವಾರವೇ ಹೇಳಿಕೊಟ್ಟಿದ್ದರು:
ಈ ಇನ್ನೂರು ಪುಟದಲ್ಲಿ ಎರಡು ಮಾತಿನ ಮೇಲೆ ಕಣ್ಣಿಡು.
‘ಸೇರಿದಂತೆ’ ಅಂದರೆ ಕಲಿಸಲೇಬೇಕು, ಪರೀಕ್ಷೆಗೆ ಬರುತ್ತದೆ.
‘ಉದಾಹರಣೆಗೆ’ ಅಂದರೆ ಬಿಟ್ಟರೂ ಯಾರೂ ಕೇಳುವುದಿಲ್ಲ.

ಹಳೆಯದರಲ್ಲಿ ಇತ್ತು:
ಕಲ್ಲಿದ್ದಲ ಗಣಿಗಳು, ಬ್ರಷಿ ಲಿಕ್ ಮುಷ್ಕರವೂ ಸೇರಿದಂತೆ.
ಹೊಸ ಕರಡಿನಲ್ಲಿ:
ಕಾರ್ಮಿಕರ ಅಸಮಾಧಾನಗಳು, ಉದಾ: ಬ್ರಷಿ ಲಿಕ್.

ಸಾರ್ವಜನಿಕರ ಅಭಿಪ್ರಾಯಕ್ಕೆ ಮೂವತ್ತು ದಿನ ಬಾಗಿಲು ತೆರೆದಿತ್ತು.
ಮಕ್ಕಳಿಗೆ ನಕಾಶೆ ಕಲಿಸಿ ಸಾಕು, ಅಂತ ಒಬ್ಬ.
ಇನ್ನೊಬ್ಬರು ತಮ್ಮ ರಸ್ತೆಯ ಗುಂಡಿಯ ಬಗ್ಗೆ ಬರೆದಿದ್ದರು,
ಫೋಟೋ ಸಮೇತ.
ಮೂವತ್ತೊಂದನೆಯ ದಿನ ಸಭೆ.
ಅಧ್ಯಕ್ಷ ಗಾರ್ಲೆಂಡ್ ವಿದ್‌ರೋ ಒಳ್ಳೆಯ ಮನುಷ್ಯ,
ಎಲ್ಲರಿಗೂ ಪೆಪರೋನಿ ರೋಲ್ ತರಿಸಿದ್ದರು, ಬಿಸಿಬಿಸಿ ಎರಡು ಡಬ್ಬಿ.
ಗಣಿಗಿಳಿಯುವ ಗಂಡಂದಿರಿಗೆ ಇಟಲಿಯ ಹೆಂಗಸರು
ಕಟ್ಟಿಕೊಡುತ್ತಿದ್ದ ಬುತ್ತಿ ಅದು,
ಒಂದು ಕೈಲಿ ತಿನ್ನಬಹುದು, ಬೇಗ ಕೆಡುವುದಿಲ್ಲ.
ಒಂಬತ್ತು ಜನ ಸದಸ್ಯರೂ ಒಂದು ಕೈಲಿ ತಿಂದರು,
ಇನ್ನೊಂದರಲ್ಲಿ ಕರಡು.

ಟ್ವೈಲಾ ಮಲಿನ್ಸ್ ಅನ್ನುವ ಟೀಚರ್
ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು
ಮೂರು ನಿಮಿಷ ಮಾತಾಡಲು.
“ಪುಟ ತೊಂಬತ್ತು ನೋಡಿ,” ಅಂದಳು,
“‘ಡೇರೆಗಳ ಮೇಲೆ ಗುಂಡುಗಳು ಹಾರಿಸಲ್ಪಟ್ಟವು.’
ನನ್ನ ಕ್ಲಾಸಿನ ಬ್ರ್ಯಾಕ್ಸ್‌ಟನ್ ಕೇಳುತ್ತಾನೆ: ಯಾರಿಂದ, ಮಿಸ್?
ಗಾಳಿ ಹಾರಿಸಿತಾ?”
ಯಾರೋ ನಕ್ಕರು. ಹಳದಿ ದೀಪ ಹತ್ತಿತು.

ಕರ್ಮಣಿ ಪ್ರಯೋಗ. ಅದು ನನ್ನ ಮೇಜಿನದೇ.
ಕರ್ಮ ಇರುತ್ತದೆ, ಕರ್ತೃ ಇರುವುದಿಲ್ಲ.
ವಾಕ್ಯ ತಪ್ಪಲ್ಲ. ನಾನೇ ಪಾಸು ಮಾಡಿದ್ದೆ,
ಹಸಿರು ಪೆನ್ನಲ್ಲಿ ಗುರುತು ಹಾಕಿ.

ನಮ್ಮ ಮನೆಯದೊಂದು ಪದ್ಧತಿ ಹೇಳುತ್ತೇನೆ.
ಕಣಿವೆ ಕಡೆಯ ಗೋಡೆಗೆ ನಾವು ಮಂಚ ಹಾಕುವುದಿಲ್ಲ.
ಅಜ್ಜಿ ಹಾಕುತ್ತಿರಲಿಲ್ಲ, ಅಮ್ಮ ಹಾಕಲಿಲ್ಲ,
ಬಾಡಿಗೆ ಮನೆ ಆರು ಬದಲಾಯಿಸಿದೆವು, ಆರರಲ್ಲೂ
ಮೊದಲು ನೋಡುತ್ತಿದ್ದದ್ದು ಅದನ್ನೇ, ನಲ್ಲಿಯ ನೀರನ್ನಲ್ಲ.
ಯಾಕೆ ಅಂದರೆ “ಥಂಡಿ” ಅನ್ನುತ್ತಿದ್ದರು.
ಜುಲೈಯಲ್ಲೂ ಥಂಡಿ.
ಅಜ್ಜಿಯ ಜನನಪತ್ರ ಸಿಕ್ಕಾಗ ನನಗೆ ಮೂವತ್ತೆಂಟು.
ಹುಟ್ಟಿದ ಊರು: ಬ್ರಷಿ ಲಿಕ್.
ಮನೆ ನಂಬರಿನ ಜಾಗದಲ್ಲಿ: ಡೇರೆ, ೪೧.

ಐದಕ್ಕೆ ನಾಲ್ಕು. ‘ಉದಾ’ ಗೆದ್ದಿತು.
ನಾನೇ ಟೈಪು ಮಾಡಿದೆ. ಉದಾ, ಆಮೇಲೆ
ಒಂದರ ಮೇಲೊಂದು ಎರಡು ತೂತು.

ಲಿಫ್ಟಿನ ಹತ್ತಿರ ಟ್ವೈಲಾ ಸಿಕ್ಕಳು, ಕೊರಳಿನ ಬ್ಯಾಡ್ಜು ನೋಡಿದಳು.
“ಉದಾಹರಣೆಗೆ ಅಂದರೆ ಕಲಿಸಬಾರದು ಅಂತ ಅಲ್ಲ ತಾನೇ?”
ಹನ್ನೊಂದು ವರ್ಷದಲ್ಲಿ ಯಾರೂ ನನ್ನ ಹತ್ತಿರ ಅರ್ಥ ಕೇಳಿರಲಿಲ್ಲ.
“ಅಲ್ಲ” ಅಂದೆ.
“ಹಂಗಾದರೆ ಸೋಮವಾರ ಶುರು,” ಅಂದವಳು
ಉಳಿದಿದ್ದ ಎರಡು ರೋಲು ಕಾಗದದಲ್ಲಿ ಸುತ್ತಿಕೊಂಡಳು, ದಾರಿಗೆ.

ಆ ರಾತ್ರಿ ಒಬ್ಬಳೇ ಮಂಚ ಎಳೆದೆ,
ಕನಾವಾ ಹೊಳೆ ಕಾಣುವ ಕಿಟಕಿಯ ಗೋಡೆಗೆ.
ನೆಲ ಕಿರುಗುಟ್ಟಿತು, ಕೆಳಮನೆಯವರು ಪೊರಕೆಯಿಂದ ಚಾವಣಿ ಬಡಿದರು.
ಮಲಗಿದೆ. ಥಂಡಿ ಏನೂ ಇರಲಿಲ್ಲ.
ನಾಲ್ಕು ಗಂಟೆಗೆ ಎದ್ದು ವಾಪಸು ಎಳೆದೆ.